ಅಪ್ಪನ ನರ್ಸರಿಯ ಹೊಸ ವಿಳಾಸ

ಬಿಸಿಎ ಮುಗಿಸಿ ಕೆಲಸ ಹುಡುಕುತ್ತಿದ್ದ ದಿನಗಳವು. ಸುಮ್ಮನೆ ಕೂರುವ ಬದಲು ಅಪ್ಪನ ನರ್ಸರಿಗೊಂದು ವೆಬ್‌ಸೈಟ್ ಮಾಡಿಕೊಟ್ಟೆ. ಸಸಿಗಳ ವಿವರವೆಲ್ಲ ಡೇಟಾಬೇಸ್‌ನಲ್ಲಿ, ಪುಟ ತೋರಿಸಲು ಒಂದೇ ಪಿಎಚ್‌ಪಿ ಫೈಲ್. ನನಗೋ ಭಾರೀ ಹೆಮ್ಮೆ.

ಒಂದು ದಿನ ಗಿರಾಕಿಯೊಬ್ಬರು ಫೋನ್ ಮಾಡಿ ಮಲ್ಲಿಗೆ ಸಸಿಯ ಪುಟದ ವಿಳಾಸ ಕೇಳಿದರು. ಅಪ್ಪ ಪರದೆ ನೋಡಿ ಓದತೊಡಗಿದರು: 'ಪ್ರಾಡಕ್ಟ್ ಡಾಟ್ ಪಿಎಚ್‌ಪಿ, ಆಮೇಲೆ ಪ್ರಶ್ನಾರ್ಥಕ ಚಿಹ್ನೆ, ಐಡಿ, ಈಕ್ವಲ್ ಟು, 47...' ಆ ಕಡೆಯವರು ಅರ್ಧದಲ್ಲೇ ಫೋನ್ ಇಟ್ಟರು. 'ಇದೇನು ವಿಳಾಸವೋ, ಮಗ್ಗಿಯೋ?' ಅಂದರು ಅಪ್ಪ.

ಅಂದು ರಾತ್ರಿಯೇ ಕಲಿಯಲು ಕೂತೆ. ಅಪಾಚೆ ಸರ್ವರ್‌ನಲ್ಲಿ ಮಾಡ್-ರೀರೈಟ್ ಎಂಬ ಸೌಲಭ್ಯವಿದೆ. ಅದಕ್ಕೊಂದು ನಿಯಮ ಬರೆದರೆ ಸಾಕು, 'ಸಸಿ/ಮೈಸೂರು-ಮಲ್ಲಿಗೆ-47' ಎಂಬ ವಿಳಾಸವನ್ನು ಸರ್ವರ್ ಒಳಗೊಳಗೇ ಪಿಎಚ್‌ಪಿ ಫೈಲ್‌ಗೆ ಒಪ್ಪಿಸುತ್ತದೆ. ಕೊನೆಯ 47 ಡೇಟಾಬೇಸ್‌ಗೆ. ಮುಂದಿನ ಪದಗಳು ಓದುವವರಿಗೂ ಗೂಗಲ್‌ಗೂ. ಪದಗಳ ನಡುವೆ ಅಂಡರ್‌ಸ್ಕೋರ್ ಬೇಡ, ಹೈಫನ್ ಇರಲಿ ಎಂಬುದು ಗೂಗಲ್‌ನದೇ ಸಲಹೆ.

ಮೊದಲು ಕನ್ನಡ ಲಿಪಿಯಲ್ಲೇ ಬರೆದೆ. ಬ್ರೌಸರ್‌ನಲ್ಲಿ ಚಂದ ಕಂಡಿತು. ವಾಟ್ಸ್‌ಆ್ಯಪ್‌ಗೆ ಕಾಪಿ ಮಾಡಿದರೆ ಶೇಕಡಾ ಚಿಹ್ನೆಗಳ ಮೆರವಣಿಗೆ! ಹೀಗಾದಾಗ 'ಕನ್ನಡ' ಎಂಬ ಪುಟ್ಟ ಪದವೇ 45 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಮನಸ್ಸಿಲ್ಲದ ಮನಸ್ಸಿನಿಂದ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಬದಲಿಸಿದೆ.

ಅದೇ ಉತ್ಸಾಹದಲ್ಲಿ ಹಳೆಯ ಫೈಲ್‌ನ ಹೆಸರನ್ನೂ ಬದಲಿಸಿಬಿಟ್ಟೆ. ಎಡವಿದ್ದು ಅಲ್ಲೇ. ಗಿರಾಕಿಗಳು ಹಂಚಿಕೊಂಡಿದ್ದ ಲಿಂಕ್‌ಗಳು, ಗೂಗಲ್‌ನಲ್ಲಿ ಸಿಗುತ್ತಿದ್ದ ಪುಟಗಳು ಎಲ್ಲವೂ '404' ತೋರಿಸತೊಡಗಿದವು. ಮಳೆಗಾಲದ ಹೊಸ್ತಿಲು, ಸಸಿ ಮಾರಾಟವಾಗುವುದೇ ಆಗ. ಅಪ್ಪನ ಫೋನ್ ತಣ್ಣಗೆ ಕೂತಿತು. ಅವರು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಮದ್ದು '301'ರಲ್ಲಿತ್ತು. ಮನೆ ಬದಲಿಸಿದವರು ಅಂಚೆಯಣ್ಣನಿಗೆ ಹೊಸ ವಿಳಾಸ ಹೇಳಿ ಬರುವುದಿಲ್ಲವೇ, ಹಾಗೆ. 'ಈ ಪುಟ ಕಾಯಂ ಆಗಿ ಅಲ್ಲಿಗೆ ಹೋಗಿದೆ' ಎಂದು ಬ್ರೌಸರ್‌ಗೂ ಗೂಗಲ್‌ಗೂ ತಿಳಿಸುವ ಸಂಕೇತವದು. ಹಳೆಯ ಹೆಸರಿನಲ್ಲೇ ಪುಟ್ಟ ಫೈಲ್ ಇಟ್ಟು, ಬಂದವರನ್ನೆಲ್ಲ ಹೊಸ ವಿಳಾಸಕ್ಕೆ ಕಳಿಸಿದೆ. ಒಮ್ಮೆ ಕೊಟ್ಟ ವಿಳಾಸ ಬದಲಾಗಬಾರದೆಂದು ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದರಂತೆ. ನಾನು ಓದಿದ್ದು ಕೆಟ್ಟ ಮೇಲೆ.

ಮೊನ್ನೆ ಸಂದರ್ಶನವೊಂದರಲ್ಲಿ 'ನೀವು ಮಾಡಿದ ದೊಡ್ಡ ತಪ್ಪು ಯಾವುದು?' ಎಂದು ಕೇಳಿದರು. ಮುಚ್ಚಿಡದೆ ಇದನ್ನೇ ಹೇಳಿದೆ. ಫಲಿತಾಂಶ ಇನ್ನೂ ಬಂದಿಲ್ಲ. ಅಪ್ಪ ಮಾತ್ರ ಈಗ ಫೋನ್‌ನಲ್ಲಿ ವಿಳಾಸವನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ.