ಪ್ರೌಢಶಾಲೆಯಲ್ಲಿ ಚಿತ್ರ ಮತ್ತು ಚಲನಚಿತ್ರ

ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ಒಂದು ಸೊಗಸಾದ ಸಂವಾದವುಂಟು. ವಜ್ರನೆಂಬ ರಾಜನು ಮಾರ್ಕಂಡೇಯ ಮುನಿಯನ್ನು ಕಂಡು, ದೇವತಾಮೂರ್ತಿಗಳನ್ನು ರಚಿಸುವ ಬಗೆಯನ್ನು ತಿಳಿಸಬೇಕೆಂದು ಕೇಳುತ್ತಾನೆ. ಚಿತ್ರಸೂತ್ರವನ್ನು ಅರಿಯದವನಿಗೆ ಮೂರ್ತಿಲಕ್ಷಣ ತಿಳಿಯದು ಎಂದು ಮುನಿಯ ಉತ್ತರ. ಹಾಗಾದರೆ ಚಿತ್ರಸೂತ್ರವನ್ನೇ ಹೇಳಿರೆಂದರೆ, ನೃತ್ಯವನ್ನು ಅರಿಯದೆ ಚಿತ್ರ ತಿಳಿಯದು. ನೃತ್ಯಕ್ಕೆ ವಾದ್ಯದ ಅರಿವು ಬೇಕು. ವಾದ್ಯಕ್ಕೆ ಗೀತದ ಅರಿವು ಬೇಕು. ರಾಜ ಕೇಳಿದ್ದು ಒಂದು ವಿದ್ಯೆಯನ್ನು, ಅವನ ಕೈಗೆ ಬಂದದ್ದು ವಿದ್ಯೆಗಳ ಒಂದು ಸರಪಳಿ. ನಮ್ಮ ಪ್ರೌಢಶಾಲೆಗಳ ವೇಳಾಪಟ್ಟಿಯಲ್ಲಿ ಈ ಸರಪಳಿಯ ಬಹುಪಾಲು ಕೊಂಡಿಗಳು ಕಳಚಿಹೋಗಿವೆ. ಭಾಷೆ ಉಳಿದಿದೆ, ಅದೂ ಅಂಕಗಳ ಆಸರೆಯಿಂದ.

ಕನ್ನಡದಲ್ಲಿ ಚಿತ್ರ ಬರೆಯುವುದಕ್ಕೆ ಚಿತ್ರ ಬಿಡಿಸುವುದು ಎಂಬ ಮಾತೂ ಇದೆ. ಒಗಟನ್ನೂ ಬಿಡಿಸುತ್ತೇವೆ, ಸಿಕ್ಕನ್ನೂ ಬಿಡಿಸುತ್ತೇವೆ, ಪದ್ಯದ ಅನ್ವಯವನ್ನೂ ಬಿಡಿಸಿ ಹೇಳುತ್ತೇವೆ. ಶಾಲೆಯ ಚಿತ್ರಕಲೆಯ ತರಗತಿ ಇವುಗಳಲ್ಲಿ ಮೊದಲ ಅರ್ಥವೊಂದನ್ನೇ ಹಿಡಿದುಕೊಂಡಿತು. ಡ್ರಾಯಿಂಗ್ ಮೇಷ್ಟ್ರು ಹೂಜಿಯನ್ನೋ ದಾಸವಾಳವನ್ನೋ ಮೇಜಿನ ಮೇಲಿಡುತ್ತಿದ್ದರು, ಹುಡುಗರು ಬರೆಯುತ್ತಿದ್ದರು. ಕೈ ಪಳಗಿದವರು ಲೋಯರ್, ಹೈಯರ್ ಪರೀಕ್ಷೆಗಳಿಗೆ ಕೂಡುತ್ತಿದ್ದರು. ಅದು ಒಳ್ಳೆಯ ವಿದ್ಯೆಯೇ, ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಕನ್ನಡದ ತರಗತಿಯಲ್ಲಿ ಕುಳಿತ ನಲವತ್ತು ಮಂದಿಯೂ ಕವಿಗಳಾಗಬೇಕೆಂದು ನಾವು ಬಯಸುವುದಿಲ್ಲ. ಅವರು ಓದಬಲ್ಲವರಾದರೆ ಸಾಕೆನ್ನುತ್ತೇವೆ. ಚಿತ್ರದ ವಿಷಯದಲ್ಲಿ ಮಾತ್ರ ಎಲ್ಲರಿಗೂ ಬರೆಯುವುದನ್ನು ಕಲಿಸಹೊರಟು, ನೋಡುವುದನ್ನು ಯಾರಿಗೂ ಕಲಿಸಲಿಲ್ಲ. ಈಗಂತೂ ಬರೆಯುವುದೂ ಹಿಂದೆ ಬಿದ್ದಿದೆ. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆಗೆ ಕಡ್ಡಾಯದ ಸ್ಥಾನವಿರಬೇಕೆಂದು ಹೇಳಿತು. ಹತ್ತನೆಯ ತರಗತಿಯ ಚಿತ್ರಕಲೆಯ ಅವಧಿ ಗಣಿತಕ್ಕೆ ಸಂದಾಯವಾಗುವ ಪದ್ಧತಿ ಮಾತ್ರ ಎಷ್ಟೋ ಶಾಲೆಗಳಲ್ಲಿ ಹಾಗೆಯೇ ಮುಂದುವರಿದಿದೆ. ಇತ್ತ ಅದೇ ಮಕ್ಕಳು ಎಚ್ಚರವಿರುವ ಹೊತ್ತಿನ ದೊಡ್ಡ ಭಾಗವನ್ನು ಅಂಗೈಯಗಲದ ತೆರೆಯ ಮುಂದೆ ಕಳೆಯುತ್ತಾರೆ.

ನೋಡುವುದನ್ನು ಕಲಿಸುವುದೆಂದರೇನು? ಒಂದು ಉದಾಹರಣೆಯಿಂದ ಹೇಳುತ್ತೇನೆ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರೆಲ್ಲ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ನೆನಪಿಟ್ಟುಕೊಂಡು ಬರುತ್ತಾರೆ. ಅದು ರವಿವರ್ಮನದೆಂದೇ ಅನೇಕರ ನಂಬಿಕೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರವನ್ನು 1940ರ ದಶಕದಲ್ಲಿ ಬರೆದವರು ಎಸ್. ಎಲ್. ಹಳದಣಕರರು, ರೂಪದರ್ಶಿಯಾಗಿ ನಿಂತವಳು ಅವರ ಮಗಳು. ಇಷ್ಟನ್ನು ಹೇಳಿ ಮುಂದೆ ನಡೆದರೆ ಅದು ಮಾರ್ಗದರ್ಶಿಯ ಕೆಲಸವಾಯಿತು. ಶಿಕ್ಷಕನ ಕೆಲಸ ಆರಂಭವಾಗುವುದು ಅನಂತರ. ಚಿತ್ರ ಚೆನ್ನಾಗಿದೆಯೆ ಎಂದು ಆತ ಕೇಳಬಾರದು. ಏನು ಕಾಣುತ್ತಿದೆ ಎಂದಷ್ಟೇ ಕೇಳಬೇಕು. ಬೆಳಕು ಎಲ್ಲಿಂದ ಬರುತ್ತಿದೆ? ದೀಪದ ಕುಡಿ ನಮಗೆ ನೇರವಾಗಿ ಕಾಣುತ್ತದೆಯೆ, ಕೈ ಮರೆಮಾಡಿದೆಯೆ? ಬೆರಳುಗಳ ಅಂಚು ಕೆಂಪಾಗಿರುವುದೇಕೆ? ಆಗ ಯಾವಳೋ ಒಬ್ಬ ಹುಡುಗಿ, ಗಾಳಿಗೆ ಆರದಂತೆ ದೀಪಕ್ಕೆ ಕೈ ಅಡ್ಡ ಹಿಡಿದಿದ್ದಾಳೆ, ಅದಕ್ಕೇ ಬೆಳಕು ಮುಖದ ಮೇಲೆ ಬಿದ್ದಿದೆ ಎನ್ನುತ್ತಾಳೆ. ಇದು ಜಲವರ್ಣದ ಚಿತ್ರವೆಂಬುದನ್ನು ತಿಳಿಸಲು ಅದೇ ಸಮಯ. ತೈಲವರ್ಣದಲ್ಲಿ ಕತ್ತಲೆಯ ಮೇಲೆ ಬೆಳಕನ್ನು ಬಳಿಯಬಹುದು; ಪಾರದರ್ಶಕವಾದ ಜಲವರ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪು. ಅದನ್ನು ಮೊದಲೇ ಉಳಿಸಿಕೊಳ್ಳಬೇಕು, ತಪ್ಪಿದರೆ ತಿದ್ದುವುದು ಬಹಳ ಕಷ್ಟ. ಹೀಗೆ ಅರ್ಧ ಗಂಟೆ ಒಂದೇ ಚಿತ್ರದ ಮುಂದೆ ನಿಂತ ವಿದ್ಯಾರ್ಥಿಗೆ ಆಮೇಲೆ ರಸದ ಮಾತನ್ನು ಹೇಳಬಹುದು.

ಶಿಲ್ಪದ ಪಾಠಕ್ಕೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಬೇಲೂರಿನ ದರ್ಪಣಸುಂದರಿಯನ್ನು ನಾವೆಲ್ಲ ಕ್ಯಾಲೆಂಡರಿನಲ್ಲಿ ನೇರಾನೇರ ಕಂಡಿದ್ದೇವೆ. 1117ರ ಆ ದೇವಾಲಯದಲ್ಲಿ ಮದನಿಕೆಯರು ಇರುವುದು ಸೂರಿನ ಕೆಳಗೆ, ಎತ್ತರದಲ್ಲಿ, ಮುಂದಕ್ಕೆ ಓರೆಯಾಗಿ. ಕೆಳಗೆ ನಿಂತು ತಲೆಯೆತ್ತಿದವನಿಗಾಗಿ ಅವರನ್ನು ಕಡೆದಿದ್ದಾರೆ. ಛಾಯಾಚಿತ್ರ ಆ ಓರೆಯನ್ನು ಅಳಿಸಿಬಿಡುತ್ತದೆ. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯಲ್ಲಿ ರಾಮಾಯಣ, ಭಾರತಗಳ ಪ್ರಸಂಗಗಳನ್ನು ನೋಡುವವನು ನಡೆಯುತ್ತ ನೋಡಬೇಕು. ನಿಂತಲ್ಲಿ ಒಂದು ಪ್ರಸಂಗ, ಮೂಲೆ ತಿರುಗಿದರೆ ಇನ್ನೊಂದು. ಎಲ್ಲಿಂದ ನೋಡುವುದು, ಯಾವುದಾದ ಮೇಲೆ ಯಾವುದನ್ನು ನೋಡುವುದು ಎಂಬ ಈ ಎರಡು ಪ್ರಶ್ನೆಗಳು ಮನಸ್ಸಿಗೆ ಹತ್ತಿದ ಹುಡುಗ ತನಗೆ ಅರಿವಿಲ್ಲದೆಯೇ ಚಲನಚಿತ್ರದ ಹೊಸ್ತಿಲಿಗೆ ಬಂದಿರುತ್ತಾನೆ. ಕ್ಯಾಮೆರಾ ಇಡುವವನಿಗೂ ಸಂಕಲನಕಾರನಿಗೂ ಇರುವ ಪ್ರಶ್ನೆಗಳು ಇವೇ.

ಸಂಕಲನವನ್ನು ಕಲಿಸಲು ಯಂತ್ರವೂ ಬೇಕಿಲ್ಲ. ರಷ್ಯದ ಕುಲೆಷೋವ್ ನಡೆಸಿದ ಪ್ರಯೋಗವೊಂದನ್ನು ಅವನ ಶಿಷ್ಯ ಪುಡೋವ್ಕಿನ್ ವಿವರಿಸಿದ್ದಾನೆ. ನಟನೊಬ್ಬನ ನಿರ್ವಿಕಾರವಾದ ಮುಖದ ಒಂದೇ ತುಣುಕನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆಗೆ, ಒಮ್ಮೆ ಶವಪೆಟ್ಟಿಗೆಯಲ್ಲಿ ಮಲಗಿದ ಹೆಂಗಸಿನ ಜೊತೆಗೆ, ಒಮ್ಮೆ ಆಟವಾಡುವ ಮಗುವಿನ ಜೊತೆಗೆ ಜೋಡಿಸಿ ತೋರಿಸಿದರಂತೆ. ನೋಡಿದವರು ನಟನ ಹಸಿವನ್ನೂ ದುಃಖವನ್ನೂ ವಾತ್ಸಲ್ಯವನ್ನೂ ಮೆಚ್ಚಿಕೊಂಡರಂತೆ. ಹಳೆಯ ಪತ್ರಿಕೆಗಳಿಂದ ಒಂದು ಮುಖವನ್ನೂ ಬೇರೆ ಮೂರು ಚಿತ್ರಗಳನ್ನೂ ಕತ್ತರಿಸಿಕೊಂಡರೆ ಒಂಬತ್ತನೆಯ ತರಗತಿಯಲ್ಲಿ ಇದನ್ನು ಮಾಡಿ ನೋಡಬಹುದು. ಎರಡು ಚಿತ್ರಗಳ ನಡುವೆ ಹುಟ್ಟಿದ ಅರ್ಥ ಎರಡರಲ್ಲಿಯೂ ಇರಲಿಲ್ಲ. ಆನಂದವರ್ಧನನ ಧ್ವನಿಯನ್ನು ಎಂ. ಎ. ತರಗತಿಯಲ್ಲಿ ವಿವರಿಸಲು ನಾವು ಪಡುತ್ತಿದ್ದ ಪಾಡನ್ನು ನೆನೆದರೆ, ಈ ದಾರಿ ಎಷ್ಟೋ ಸುಲಭವೆನ್ನಬೇಕು.

ಆಮೇಲೆ ಇಡೀ ಚಿತ್ರವೊಂದನ್ನು ತೋರಿಸಬೇಕು. ಸತ್ಯಜಿತ್ ರಾಯ್ ಅವರ 1955ರ 'ಪಥೇರ್ ಪಾಂಚಾಲಿ' ಈ ಕೆಲಸಕ್ಕೆ ಬಹುಕಾಲದಿಂದ ಒದಗಿಬಂದಿದೆ. ಪುಣೆಯ ಫಿಲ್ಮ್ ಸಂಸ್ಥೆಯಲ್ಲಿ ಚಲನಚಿತ್ರ ರಸಗ್ರಹಣದ ಪಾಠವನ್ನು ರೂಪಿಸಿದ ಸತೀಶ ಬಹಾದೂರರು ಅದನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ಕಲಿಸುತ್ತಿದ್ದರು. ಊರಿನಿಂದ ಹಿಂದಿರುಗಿದ ಹರಿಹರ ಮಗಳು ದುರ್ಗೆಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗೆ ಕೊಡುತ್ತಾನೆ. ಮಗಳು ಸತ್ತದ್ದು ಅವನಿಗೆ ತಿಳಿಯದು. ತಾಯಿಯ ಬಾಯಿ ತೆರೆಯುತ್ತದೆ, ಅಳು ಕೇಳಿಸುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿಯ ಏರುದನಿ ಕೇಳುತ್ತದೆ. ಧ್ವನಿಯನ್ನು ನಿಲ್ಲಿಸಿ ಆ ದೃಶ್ಯವನ್ನು ಒಮ್ಮೆ, ಚಿತ್ರವನ್ನು ಮರೆಮಾಡಿ ನಾದವನ್ನು ಇನ್ನೊಮ್ಮೆ, ಎರಡನ್ನೂ ಕೂಡಿಸಿ ಮತ್ತೊಮ್ಮೆ ಒದಗಿಸಿದರೆ, ಉಪಾಧ್ಯಾಯರು ಹೆಚ್ಚು ಮಾತನಾಡುವ ಅಗತ್ಯವೇ ಬೀಳದು.

ನಮ್ಮದೇ ಚಿತ್ರ ಬೇಕೆಂದರೆ ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಇದೆ. ಅದರ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ವಿಧವೆ ಯಮುನೆಯ ಬಸಿರು, ಬಹಿಷ್ಕಾರ ಇವುಗಳನ್ನು ಹದಿನೈದರ ಮಕ್ಕಳ ಮುಂದೆ ಇಡಬಹುದೆ ಎಂಬ ಶಂಕೆ ಸಹಜ. ಆದರೆ ಕಥೆ ನಮಗೆ ದೊರೆಯುವುದೇ ನಾಣಿಯೆಂಬ ಹುಡುಗನ ಮೂಲಕ. ಅವನಿಗೆ ಅರ್ಥವಾದಷ್ಟು, ಅರ್ಥವಾಗದೆ ಅಂಜಿದಷ್ಟು. ಹತ್ತನೆಯ ತರಗತಿಗೆ ಇದು ಹೊರೆಯಾಗದೆಂದು ನನ್ನ ಎಣಿಕೆ. ಅನಂತಮೂರ್ತಿಯವರ ಕಥೆಯನ್ನು ಮೊದಲು ಓದಿಸಿ, ಅನಂತರ ಚಿತ್ರವನ್ನು ತೋರಿಸಿ, ಕಥೆಯಲ್ಲಿ ನಾಣಿ ನಮಗೆ ಹೇಳುತ್ತಿದ್ದುದನ್ನು ತೆರೆಯ ಮೇಲೆ ಯಾವುದು ಹೇಳುತ್ತಿದೆಯೆಂದು ಕೇಳಿದರೆ, ಅದಕ್ಕಿಂತ ಒಳ್ಳೆಯ ಕನ್ನಡ ಪಾಠವನ್ನು ನಾನು ಕಾಣೆ.

ಇದೆಲ್ಲ ಮಕ್ಕಳಿಗೆ ಎಟುಕದು ಎನ್ನುವವರು ಹೆಗ್ಗೋಡನ್ನು ನೆನೆಯಬೇಕು. ಕೆ. ವಿ. ಸುಬ್ಬಣ್ಣನವರು 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿದಾಗ, ಅಡಕೆ ತೋಟದ ಹಳ್ಳಿಗರಿಗೆ ಕುರೊಸಾವಾ, ಡಿ ಸಿಕಾ ಏತಕ್ಕೆ ಎಂಬ ಮಾತೇ ಬಂದಿತ್ತು. ಹಳ್ಳಿಗರು ಕುಳಿತು ನೋಡಿದರು, ಕನ್ನಡದಲ್ಲಿಯೇ ಚರ್ಚಿಸಿದರು. ಫ್ರಾನ್ಸಿನಲ್ಲಿ 1989ರಿಂದ ಹನ್ನೊಂದರಿಂದ ಹದಿನೈದರವರೆಗಿನ ಮಕ್ಕಳನ್ನು ಶಾಲೆಯ ಅವಧಿಯಲ್ಲಿಯೇ ಚಿತ್ರಮಂದಿರಕ್ಕೆ ಕರೆದೊಯ್ದು, ಮರಳಿದ ಮೇಲೆ ತರಗತಿಯಲ್ಲಿ ಪಾಠ ಮಾಡುವ ಏರ್ಪಾಡಿದೆ.

ನನ್ನ ಅಂಜಿಕೆ ಬೇರೊಂದು ಕಡೆಗೆ. ಇಂಥ ತರಗತಿಯನ್ನು ಇಲಾಖೆ ಒಪ್ಪಿಕೊಂಡರೆ ಮರುದಿನವೇ ಅದಕ್ಕೆ ಮಾರ್ಗದರ್ಶಿ ಪುಸ್ತಕ ಅಂಗಡಿಗೆ ಬರುತ್ತದೆ. 'ಈ ಚಿತ್ರದಿಂದ ನೀವು ಕಲಿತ ನೀತಿಯೇನು' ಎಂಬ ಎರಡು ಅಂಕದ ಪ್ರಶ್ನೆಯೂ ಬರುತ್ತದೆ. ಪದ್ಯಕ್ಕೆ ನಾವು ಮಾಡಿದ ಅಪಚಾರ ಅದೇ. ಚಿತ್ರಕ್ಕೂ ಅದನ್ನು ಮಾಡಬೇಕಾಗಿಲ್ಲ. ಅಂಕವಿಲ್ಲದೆ ನಡೆಯದೆಂದರೆ, ವಿದ್ಯಾರ್ಥಿಯ ಕೈಗೆ ಹಿಂದೆ ನೋಡಿರದ ಒಂದು ಚಿತ್ರವನ್ನು ಕೊಟ್ಟು, ಅದರಲ್ಲಿ ಕಂಡುದನ್ನು ಒಂದು ಪುಟದಲ್ಲಿ ಬರೆಯಲು ಹೇಳಬಹುದು. ಅದಕ್ಕೆ ಮಾದರಿ ಉತ್ತರವನ್ನು ಅಚ್ಚುಹಾಕಲು ಬರುವುದಿಲ್ಲ. ಡ್ರಾಯಿಂಗ್ ಮೇಷ್ಟ್ರ ಹುದ್ದೆ ಖಾಲಿ ಬಿದ್ದಿರುವ ಶಾಲೆಯಲ್ಲಿ ಕನ್ನಡ ಪಂಡಿತರೇ ಇದನ್ನು ವಹಿಸಿಕೊಳ್ಳಬೇಕಾದೀತು. ತಿಂಗಳಿಗೆ ಎರಡು ಅವಧಿ, ವರ್ಷಕ್ಕೆ ಆರು ಚಿತ್ರ, ಒಂದು ಶಿಲ್ಪಸ್ಥಳ, ಒಂದು ಚಲನಚಿತ್ರ. ಮೊದಲ ವರ್ಷಕ್ಕೆ ಅಷ್ಟು ಧಾರಾಳವಾಯಿತು.