ಕಲ್ಲು ಉಳಿದಿದೆ, ಕಡತ ಉಳಿದೀತೇ?

ತೇರದಾಳದ ನೇಮಿನಾಥ ಬಸದಿಯ ಶಾಸನಕ್ಕೆ ಒಂಬೈನೂರು ವರ್ಷ ದಾಟಿದೆ. ಮಾಂಡಲಿಕ ಗೊಂಕ ಕಟ್ಟಿಸಿದ ಜಿನಾಲಯಕ್ಕೆ 1123ರ ಸುಮಾರಿಗೆ ಕೊಟ್ಟ ದಾನದ ಜೊತೆ, 1182 ಮತ್ತು 1187ರ ದಾನಗಳೂ ಅದೇ ಕಲ್ಲಿನಲ್ಲಿವೆ. 1885ರ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾದ ಅದರ ಪಾಠ ಇಂದಿಗೂ ಸಿಗುತ್ತದೆ, ಯಾವ ಊರು, ಯಾವ ಕಲ್ಲು, ಯಾವ ಸಾಲು ಎಂಬುದೆಲ್ಲ ಅಲ್ಲಿ ದಾಖಲಾಗಿದೆ. ಇಂಥ ಕಲ್ಲಿನ ಮೊಬೈಲ್ ಫೋಟೊಗಳಿಗೆ ಆ ಭಾಗ್ಯವಿಲ್ಲ. ಕ್ಯಾಮೆರಾ ಕೊಟ್ಟ ನಂಬರೇ ಅವುಗಳ ಹೆಸರು. ಫೋನ್ ಕೆಟ್ಟರೆ ಅದೂ ಇಲ್ಲ. ಇವನ್ನು ಉಳಿಸಲು ನಮಗೆ ಕೊರತೆಯಿರುವುದು ಯಂತ್ರದ್ದಲ್ಲ, ಕೆಲಸ ನಡೆಸಬಲ್ಲವರದ್ದು.

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಶಾಸನಗಳ 3ಡಿ ಸ್ಕ್ಯಾನಿಂಗ್ ಶುರುಮಾಡಿತು. ಅಲ್ಲಿ ಸ್ಕ್ಯಾನ್ ಎಂಬುದು ಮೊದಲ ಮೆಟ್ಟಿಲಷ್ಟೇ. ಕಲ್ಲು ಹುಡುಕುವುದು, ಅಕ್ಷರ ಓದುವುದು, ಜನರಿಗೆ ಸಿಗುವಂತೆ ಮಾಡುವುದು ಬೇರೆ ಬೇರೆ ಕಸುಬು. ಇವನ್ನೆಲ್ಲ ಜೋಡಿಸುವವರಿಗೆ ತರಬೇತಿ ಬೇಡವೇ? ಕಂಪ್ಯೂಟರ್ ಬಲ್ಲ ಹುಡುಗರು ಸಾಕು ಎನ್ನುವವರಿದ್ದಾರೆ. ಆದರೆ ಬಸದಿಯ ಆಡಳಿತದವರ ಒಪ್ಪಿಗೆ ಪಡೆಯುವುದು, ಹಕ್ಕು ಯಾರದೆಂದು ಮೊದಲೇ ಬರೆದಿಡುವುದು, ಅನುದಾನ ಮುಗಿದ ಮೇಲೂ ಸರ್ವರ್ ಬಾಡಿಗೆ ಕಟ್ಟುವ ದಾರಿ ಹುಡುಕುವುದು ಕಂಪ್ಯೂಟರ್ ಪಾಠದಲ್ಲಿ ಬರುವುದಿಲ್ಲ. ಉದ್ಘಾಟನೆಗೆ ಹಾರ ತರುವವರು ಬೇಕಾದಷ್ಟಿದ್ದಾರೆ, ಐದನೇ ವರ್ಷದ ಬಿಲ್ಲಿಗೆ ಯಾರೂ ಇರುವುದಿಲ್ಲ. ಸಣ್ಣ ಊರಿಗೆ ಇಷ್ಟೆಲ್ಲ ಖರ್ಚು ಭಾರ ಎಂಬ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೇ ತೇರದಾಳ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಗೆ ಸೇರಿ ತರಬೇತಿ ಪಡೆದ ಒಬ್ಬರಿದ್ದರೂ ನಡೆದೀತು. ಅವರ ಮೊದಲ ಕೆಲಸಕ್ಕೆ ಸ್ಕ್ಯಾನರ್ ಕೂಡ ಬೇಡ: ಪ್ರತಿ ಫೋಟೊಗೂ ಊರು, ಜಾಗ, ತಾರೀಖು, ತೆಗೆದವರ ಹೆಸರು ಬರೆದು, ಎರಡು ಪ್ರತಿಗಳನ್ನು ಎರಡು ಕಡೆ ಇಡುವುದು.