ಎಂಜಿನ್ನಿಗೆ ಉಸಿರು ಕಟ್ಟಿದಾಗ

ನಮ್ಮ ಲೊಕ್ಕನಹಳ್ಳಿಯ ಸುತ್ತ ಬೆಟ್ಟ, ಕಾಡು, ಹೊಲ. ಕಡಲು ನೋಡಬೇಕೆಂದರೆ ಘಟ್ಟ ಇಳಿದು ಬಹುದೂರ ಹೋಗಬೇಕು. ಆದರೂ ಕಳೆದ ಬೇಸಿಗೆಯಲ್ಲಿ ನಮ್ಮ ಹೊಲದ ಪಂಪಿನ ಡೀಸೆಲ್ ಎಂಜಿನ್ ಕೈಕೊಟ್ಟಾಗ ನನ್ನ ನೆರವಿಗೆ ಬಂದದ್ದು ಕಡಲ ತೀರದಲ್ಲಿ ಕಲಿತ ಪಾಠ.

ಅದರ ಕಾಯಿಲೆ ವಿಚಿತ್ರವಾಗಿತ್ತು. ಬೆಳಿಗ್ಗೆ ಒಂದೇ ಸಲಕ್ಕೆ ಚಾಲೂ ಆಗುತ್ತಿತ್ತು. ಅರ್ಧ ಗಂಟೆ ಚೆನ್ನಾಗಿ ನೀರೆತ್ತುತ್ತಿತ್ತು. ಆಮೇಲೆ ಸದ್ದು ಕುಗ್ಗಿ, ನೀರು ಸಣ್ಣಗಾಗಿ, ಕೊನೆಗೆ ನಿಂತೇ ಹೋಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಚಾಲೂ ಮಾಡಿದರೆ ಮತ್ತೆ ಅದೇ ಕಥೆ. ಮುಸುಕಿನ ಜೋಳ ತೆನೆ ಕಟ್ಟುವ ಕಾಲ. ಎಲೆಗಳು ಸುರುಳಿ ಸುತ್ತಿಕೊಳ್ಳತೊಡಗಿದ್ದವು. ಬಂದು ನೋಡಿದ ಒಬ್ಬರು, "ಪಿಸ್ಟನ್ ಸವೆದಿದೆ, ಪೂರ್ತಿ ಬಿಚ್ಚಬೇಕು. ಹತ್ತು ಸಾವಿರವಾದರೂ ಬೇಕು" ಎಂದರು.

ಮಕ್ಕಳೇ, ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗೋಣ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಉಡುಪಿಯ ಹತ್ತಿರದ ಮಲ್ಪೆಯಲ್ಲೂ ಕೆಲವು ವರ್ಷ ಇದ್ದೆ. ದೋಣಿ ಸಾಲದ ಲೆಕ್ಕ ಬರೆದು ಮುಗಿಸಿ ಸಂಜೆ ಬಂದರಿನ ಕಡೆ ನಡೆಯುತ್ತಿದ್ದೆ. ಮಳೆಗಾಲದಲ್ಲಿ ಅಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಬಿಡುವು. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿದೆ. ಆ ದಿನಗಳಲ್ಲಿ ಎಂಜಿನ್‌ಗಳ ರಿಪೇರಿ ನಡೆಯುತ್ತದೆ. ಅಲ್ಲೊಬ್ಬ ಹಿರಿಯ ಮೆಕ್ಯಾನಿಕ್ ನನಗೆ ಗೆಳೆಯರಾದರು.

ಒಮ್ಮೆ ಅವರನ್ನು ಕೇಳಿದೆ: "ದೋಣಿಯ ಶಕ್ತಿ ಕುಗ್ಗಿದರೆ ಏನು ಮಹಾ? ನಿಧಾನವಾಗಿ ಬಂದರಾಯಿತಲ್ಲ?"

ಅವರು ನಕ್ಕರು. "ನಿಮ್ಮ ಬಸ್ಸು ನಿಂತರೆ ರಸ್ತೆ ಅಲ್ಲೇ ಇರುತ್ತದೆ. ಕಡಲು ಸುಮ್ಮನಿರುವುದಿಲ್ಲ. ಅಳಿವೆಯ ಬಾಯಲ್ಲಿ ಅಲೆಗೆ ಎದುರಾಗಿ ಮೂತಿ ಹಿಡಿದು ನಿಲ್ಲಲು ಶಕ್ತಿ ಬೇಕು. ಅದಿಲ್ಲದಿದ್ದರೆ ದೋಣಿ ಅಡ್ಡಲಾಗಿ ತಿರುಗುತ್ತದೆ, ಅಲೆ ಮಗುಚುತ್ತದೆ."

ಎಂಜಿನ್ ಸುಸ್ತಾದರೆ ಬಿಚ್ಚುವ ಮೊದಲು ಮೂರು ಪ್ರಶ್ನೆ ಕೇಳಬೇಕು ಎಂದು ಅವರು ಹೇಳಿಕೊಟ್ಟರು. ಅದು ಉಸಿರಾಡುತ್ತಿದೆಯೇ? ಅದಕ್ಕೆ ಊಟ ಸಿಗುತ್ತಿದೆಯೇ? ಅದರ ಹೊರೆ ಹೆಚ್ಚಾಗಿದೆಯೇ?

ಇದು ಅರ್ಥವಾಗಲು ಡೀಸೆಲ್ ಎಂಜಿನ್ನಿನ ಗುಟ್ಟು ತಿಳಿಯಬೇಕು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನೀವು ನೋಡಿದ್ದೀರಿ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ನಿನೊಳಗೆ ಪಿಸ್ಟನ್ನು ಗಾಳಿಯನ್ನು ಹದಿನಾರನೇ ಒಂದು ಪಾಲಿಗೋ ಇನ್ನೂ ಕಡಿಮೆಗೋ ಒತ್ತುತ್ತದೆ. ಆಗ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದಕ್ಕೆ ಡೀಸೆಲ್ ಚಿಮುಕಿಸಿದರೆ ಸಾಕು, ಬೆಂಕಿಯ ಕಿಡಿಯೇ ಬೇಡ, ತಾನಾಗಿ ಉರಿಯುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಇದನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದರು. 1912ರಲ್ಲಿ ಡೆನ್ಮಾರ್ಕಿನ 'ಸೆಲಾಂಡಿಯಾ' ಎಂಬ ದೊಡ್ಡ ಹಡಗು ಡೀಸೆಲ್ ಎಂಜಿನ್ನಿನಿಂದಲೇ ಮಹಾಸಾಗರಕ್ಕಿಳಿಯಿತು.

ಇನ್ನು ರೋಗದ ಲಕ್ಷಣ. ವೈದ್ಯರು ನಾಲಿಗೆ ನೋಡುವಂತೆ ಮೆಕ್ಯಾನಿಕ್ ಹೊಗೆ ನೋಡುತ್ತಾರೆ. ಕಪ್ಪು ಹೊಗೆ ಬಂದರೆ ಡೀಸೆಲ್ಲಿಗೆ ತಕ್ಕಷ್ಟು ಗಾಳಿಯಿಲ್ಲ, ಇಲ್ಲವೇ ಹೊರೆ ಮೀರಿದೆ ಎಂದರ್ಥ. ಎಂಜಿನ್ ಕೋಣೆಯ ಕಿಂಡಿಗಳನ್ನು ಮುಚ್ಚಿದ್ದರೂ, ಪ್ರೊಪೆಲ್ಲರಿಗೆ ಹರಿದ ಬಲೆ ಸುತ್ತಿಕೊಂಡಿದ್ದರೂ ಹೀಗಾಗುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗು ಸವೆದಿರಬಹುದು. ಬಿಳಿ ಹೊಗೆ ಬಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಅಥವಾ ಒಳಗೆ ನೀರು ಸೇರಿದೆ. ಹೊಗೆಯ ಬಣ್ಣ ಬದಲಾಗದೆ, ಹೊರೆ ಬಿದ್ದಾಗ ಮಾತ್ರ ಶಕ್ತಿ ಕುಗ್ಗಿದರೆ ಊಟ ಸಾಲುತ್ತಿಲ್ಲ ಎಂದು ಮೊದಲು ಅನುಮಾನಿಸಬೇಕು. ಟ್ಯಾಂಕಿನ ತಳದ ಕೊಳೆ ಅಲೆಯ ಕುಲುಕಾಟಕ್ಕೆ ಎದ್ದು ಫಿಲ್ಟರಿಗೆ ಅಂಟುವುದುಂಟು.

"ಒಂದೇ ಸಲ ಎರಡು ಕಡೆ ಕೈ ಹಾಕಬೇಡಿ" ಎಂದೂ ಅವರು ಹೇಳುತ್ತಿದ್ದರು. ನನಗೆ ಅದು ಕೂಡಲೇ ಹಿಡಿಸಿತು. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವೂ ಹಾಗೇ ಮಾಡುತ್ತಿದ್ದೆವು. ವ್ಯತ್ಯಾಸ 9ರಿಂದ ಭಾಗವಾದರೆ ಯಾರೋ 54ನ್ನು 45 ಎಂದು ಬರೆದಿರಬಹುದೆಂದು ಆ ದಾರಿಯಲ್ಲಿ ಮೊದಲು ಹುಡುಕುತ್ತಿದ್ದೆವು. ಇಡೀ ಲೆಡ್ಜರನ್ನು ಯಾರೂ ಹೊಸದಾಗಿ ಬರೆಯುತ್ತಿರಲಿಲ್ಲ!

ಈಗ ನಮ್ಮ ಹೊಲಕ್ಕೆ ಬನ್ನಿ. ಕಪ್ಪು ಹೊಗೆಯಿಲ್ಲ; ಆದ್ದರಿಂದ ಉಸಿರು, ಹೊರೆ ಸರಿಯಿರಬೇಕು. ನೀಲಿ ಹೊಗೆಯಿಲ್ಲ, ಪಿಸ್ಟನ್ನನ್ನು ದೂರುವುದು ಆಮೇಲೆ. ಉಳಿದದ್ದು ಊಟ. ಫಿಲ್ಟರ್ ನೋಡಿದೆ, ಸ್ವಚ್ಛವಾಗಿತ್ತು. ಡೀಸೆಲ್ ಪೈಪ್ ನೋಡಿದೆ, ಕಟ್ಟಿರಲಿಲ್ಲ. ಟ್ಯಾಂಕಿನಲ್ಲಿ ಡೀಸೆಲ್ ಬೇಕಾದಷ್ಟಿತ್ತು. ನನ್ನ ಜಾಣತನ ಅಲ್ಲಿಗೆ ಮುಗಿಯಿತು.

ಆಗ ಏಳನೇ ತರಗತಿಯ ಮೊಮ್ಮಗ ಕೇಳಿದ: "ತಾತ, ಟ್ಯಾಂಕಿನ ಮುಚ್ಚಳದ ಮೇಲೆ ಮಣ್ಣು ಯಾಕೆ ಮೆತ್ತಿದೆ?"

ಮಣ್ಣಿನ ಗೂಡು ಕಟ್ಟುವ ಕಣಜ ಮುಚ್ಚಳದ ಸಣ್ಣ ತೂತಿನ ಮೇಲೇ ಮನೆ ಕಟ್ಟಿತ್ತು! ಮುಚ್ಚಳ ಸಡಿಲಿಸಿದೆ. 'ಸುಯ್' ಎಂದು ಗಾಳಿ ಒಳಕ್ಕೆ ನುಗ್ಗಿತು. ಕಡ್ಡಿಯಿಂದ ತೂತು ಬಿಡಿಸಿ, ಮಣ್ಣು ಒರೆಸಿ ಚಾಲೂ ಮಾಡಿದೆವು. ಅರ್ಧ ಗಂಟೆ ಕಳೆಯಿತು, ಒಂದು ಗಂಟೆಯೂ ಕಳೆಯಿತು. ಎಂಜಿನ್ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಕೊನೆಯ ಸಾಲಿಗೂ ನೀರು ಮುಟ್ಟಿತು.

ಕಾರಣ ಸರಳ. ಡೀಸೆಲ್ ಕೆಳಗಿಳಿದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಡೀಸೆಲ್ ಇಳಿಯುವುದೇ ಇಲ್ಲ. ಎಂಜಿನ್ ನಿಲ್ಲಿಸಿದಾಗ ಮೆಲ್ಲಗೆ ಗಾಳಿ ನುಸುಳಿ ಮತ್ತೆ ಸರಿಯಾಗುತ್ತಿತ್ತು. ದೋಣಿಯ ಟ್ಯಾಂಕಿಗೂ ಇಂಥದೇ ಉಸಿರಿನ ಕೊಳವೆಯಿದೆ. ಅದೂ ಹೀಗೇ ಕಟ್ಟಿಕೊಳ್ಳಬಹುದು.

ನೀವೂ ಪರೀಕ್ಷಿಸಿ. ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ಸಣ್ಣ ತೂತು ಮಾಡಿ, ನೀರು ತುಂಬಿ, ಮುಚ್ಚಳ ಬಿಗಿಯಿರಿ. ನೀರು ನಿಲ್ಲುತ್ತದೆ. ಮುಚ್ಚಳ ಸಡಿಲಿಸಿ, ಸುರಿಯುತ್ತದೆ. ತೂತು ಮಾಡಲು ಮಾತ್ರ ಅಜ್ಜನನ್ನೋ ಅಜ್ಜಿಯನ್ನೋ ಕರೆಯಿರಿ. ಓಡುವ ಎಂಜಿನ್ನಿನ ಹತ್ತಿರ ಹೋಗುವುದು ಬೇಡ.

ಹತ್ತು ಸಾವಿರದ ಕೆಲಸ ಒಂದು ಕಡ್ಡಿಯಲ್ಲಿ ಮುಗಿಯಿತು. ಮೊಮ್ಮಗನಿಗೆ ಸುಟ್ಟ ಜೋಳದ ತೆನೆಯ ಸಂಬಳ ಸಿಕ್ಕಿತು. ಈಗ ವಾರಕ್ಕೊಮ್ಮೆ ಮುಚ್ಚಳ ನೋಡುವ ಜವಾಬ್ದಾರಿಯೂ ಅವನದೇ.